ಬರೆದವಳೇ ಅರ್ಥ ಹೇಳಿದ ದಿನ

"ಮೇಡಂ, ಅದು ಇಲ್ಲಿ ಎಲ್ಲಿದೆ?"

ವಿಚಾರಣೆಗೆ ಬಂದಿದ್ದ ನೌಕರರೊಬ್ಬರು ನಿಯಮಾವಳಿಯ ಪುಸ್ತಕವನ್ನು ನನ್ನ ಕಡೆ ತಿರುಗಿಸಿ, 17ನೇ ನಿಯಮದ ಮೇಲೆ ಬೆರಳಿಟ್ಟು ಕೇಳಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಿಜಕ್ಕೂ ಹುಡುಕುತ್ತಿದ್ದರು. ನಾನು ಹೇಳಿದೆ: "ಬರೆದದ್ದು ನಾನೇ. ಅದರ ಅರ್ಥ ನನಗೆ ಗೊತ್ತು."

ಆ ಹೊತ್ತಿಗೆ ನನ್ನ ಮಾತಿನಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ. ಅಧಿಕಾರ ಪ್ರತ್ಯೇಕತೆಯ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತಿದ್ದೇನೆ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂದು ಮೂರು ಹೆಸರು ಬರೆದು ಅಲ್ಲೇ ನಿಂತುಬಿಡುತ್ತಿದ್ದೆ. ಈ ಸಲ ಆ ವಿಚಾರಣೆಯ ಕೋಣೆಯಿಂದಲೇ ಶುರು ಮಾಡುತ್ತೇನೆ.

ನನ್ನ ಕೆಲಸ ಕರಡು ಬರೆಯುವುದು. ದೊಡ್ಡದೊಂದು ಸಂಸ್ಥೆಯಲ್ಲಿ 13 ವರ್ಷ ಸೇವಾ ನಿಯಮ, ತಿದ್ದುಪಡಿ, ಸುತ್ತೋಲೆಗಳನ್ನು ಬರೆದಿದ್ದೇನೆ. 'ತಕ್ಕದ್ದು', 'ಪರಂತು', 'ಮೇಲ್ಕಂಡ' ಎಂಬ ಪದಗಳ ನಡುವೆಯೇ ನನ್ನ ದಿನಗಳು ಹೋಗಿವೆ. 17ನೇ ನಿಯಮ ಹೀಗಿತ್ತು: "ಗೈರುಹಾಜರಾದ ನೌಕರನು ಅದರ ಕಾರಣವನ್ನು ಕೂಡಲೇ ಲಿಖಿತವಾಗಿ ತಿಳಿಸತಕ್ಕದ್ದು, ತಪ್ಪಿದಲ್ಲಿ ಸದರಿ ಅವಧಿಯನ್ನು ಸೇವೆಯಲ್ಲಿನ ವಿರಾಮವೆಂದು ಪರಿಗಣಿಸತಕ್ಕದ್ದು." ಸೇವೆಯಲ್ಲಿ ವಿರಾಮ ಎಂದರೆ ಸಣ್ಣ ಮಾತಲ್ಲ. ಬಡ್ತಿಯ ಲೆಕ್ಕದಿಂದ ಹಿಡಿದು ನಿವೃತ್ತಿಯ ದಿನದವರೆಗೂ ಅದು ಬೆನ್ನು ಬಿಡುವುದಿಲ್ಲ.

ಆ ನೌಕರರು ಒಂಬತ್ತು ದಿನ ಬಂದಿರಲಿಲ್ಲ. ಮಗು ಆಸ್ಪತ್ರೆಯಲ್ಲಿತ್ತು. ಪತ್ರ ಬರೆದದ್ದು ನಾಲ್ಕನೇ ದಿನ. ನಿಯಮ ಬರೆದವಳು ನಾನು. ಸಿಬ್ಬಂದಿ ಕೊರತೆಯಿಂದಾಗಿ ಆ ವರ್ಷ ಅದನ್ನು ಜಾರಿ ಮಾಡುವ ಶಾಖೆಯೂ ನನ್ನ ಕೈಯಲ್ಲೇ ಇತ್ತು. ಹಾಗಾಗಿ ಕಾರಣ ಕೇಳುವ ನೋಟಿಸಿಗೆ ಸಹಿ ಹಾಕಿದವಳೂ ನಾನೇ. ಮೂವರ ವಿಚಾರಣಾ ಸಮಿತಿಯಲ್ಲಿ 'ನಿಯಮ ಬಲ್ಲವರೊಬ್ಬರು ಇರಲಿ' ಎಂದು ಕೂರಿಸಿದ್ದೂ ನನ್ನನ್ನೇ. ಕೂಡಲೇ ಎಂದರೆ ಅದೇ ದಿನ, ತೀರಾ ಆಗದಿದ್ದರೆ ಮರುದಿನ ಎಂದೆ. ಉಳಿದಿಬ್ಬರೂ ತಲೆಯಾಡಿಸಿದರು. ಬರೆದವಳೇ ಹೇಳುವಾಗ ಅವರಾದರೂ ಏನೆಂದಾರು? ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಿತು. ನಡವಳಿಯ ಪುಸ್ತಕದಲ್ಲಿ 'ಸರ್ವಾನುಮತ' ಎಂದು ಬರೆದದ್ದು ಕೂಡ ನನ್ನ ಕೈಬರಹದಲ್ಲೇ ಇದೆ.

ಮೇಲ್ಮನವಿ ಸಂಸ್ಥೆಯ ಹೊರಗಿನ ನಿರ್ಣಾಯಕರೊಬ್ಬರ ಮುಂದೆ ಹೋಯಿತು. ಅವರ ಆದೇಶ ಒಂದೂವರೆ ಪುಟ. 'ಕೂಡಲೇ' ಎಂದರೆ ಆ ಮನುಷ್ಯ ಇದ್ದ ಪರಿಸ್ಥಿತಿಯಲ್ಲಿ ಸಾಧ್ಯವಾದಷ್ಟು ಬೇಗ. 24 ಗಂಟೆ ಎಂಬುದು ನಿಯಮದಲ್ಲಿ ಇಲ್ಲ, ಅದು ಸಮಿತಿಯ ಸದಸ್ಯರೊಬ್ಬರ ಮನಸ್ಸಿನಲ್ಲಿದೆ ಎಂದಿತ್ತು. ಆ ಸಾಲನ್ನು ಓದಿ ನನಗೆ ಮೊದಲು ಬಂದದ್ದು ಕೋಪ. ಕಪಾಟಿನಿಂದ ಹಳೆಯ ಕರಡುಗಳ ಕಡತ ತೆಗೆದು ನೋಡಿದೆ. ಎರಡನೇ ಕರಡಿನಲ್ಲಿ '24 ಗಂಟೆಯೊಳಗೆ' ಎಂದು ಬರೆದು, ಮೂರನೆಯದರಲ್ಲಿ ಅದನ್ನು ಹೊಡೆದುಹಾಕಿ 'ಕೂಡಲೇ' ಎಂದು ಮಾಡಿದ್ದೆ. ವಾಕ್ಯ ಹಗುರಾಗಲಿ ಎಂದು. ಕಾಗದದಿಂದ ಹೋದದ್ದು ನನ್ನ ತಲೆಯಿಂದ ಹೋಗಿರಲಿಲ್ಲ. ಆ ನೌಕರರಿಗೆ ಶಿಕ್ಷೆ ಕೊಟ್ಟದ್ದು ನಾನು ಅಳಿಸಿಹಾಕಿದ್ದ ಸಾಲು.

ಆಮೇಲೆ ಬಹಳ ಓದಿದೆ. ಓದುತ್ತಾ ಹೋದಂತೆ, ನನ್ನದೇ ತಪ್ಪನ್ನು ಮೊದಲೇ ಮಾಡಿದವರು, ಅದಕ್ಕಿಂತ ಹೆಚ್ಚಾಗಿ ಅದನ್ನು ಮಾಡದೆ ಹಿಂದೆ ಸರಿದವರು ಸಿಕ್ಕಿದರು.

1902ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮುಂದೆ, ಎಂದರೆ ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಸಂಸತ್ತಿನ ಮೇಲ್ಮನೆಯ ಮುಂದೆ, ಹಿಲ್ಡರ್ ವಿರುದ್ಧ ಡೆಕ್ಸ್ಟರ್ ಎಂಬ ಮೊಕದ್ದಮೆ ಬಂತು. 1900ರ ಕಂಪನಿ ಕಾಯ್ದೆಯ ಒಂದು ಕಲಮಿನ ಅರ್ಥವೇನು ಎಂಬುದು ವಿವಾದ. ಪೀಠದಲ್ಲಿದ್ದವರು ಲಾರ್ಡ್ ಚಾನ್ಸಲರ್ ಹಾಲ್ಸ್‌ಬರಿ. ಆ ಕಾಯ್ದೆಯ ಭಾಷೆಯ ಹಿಂದೆ ಅವರ ಕೈಯೂ ಇತ್ತು. ಅವರು ಹೇಳಿದ್ದರ ಸಾರ ಇಷ್ಟು: ಒಂದು ಶಾಸನಕ್ಕೆ ಅರ್ಥ ಹೇಳಲು ಅದನ್ನು ಬರೆದವನಷ್ಟು ಅಯೋಗ್ಯ ಇನ್ನೊಬ್ಬನಿಲ್ಲ, ತಾನು ಏನು ಮಾಡಬೇಕೆಂದುಕೊಂಡಿದ್ದನೋ ಅದನ್ನೂ, ತನ್ನ ಪದಗಳು ನಿಜವಾಗಿ ಮಾಡಿದ್ದನ್ನೂ ಆತ ಒಂದರೊಳಗೊಂದು ಕಲಸಿಬಿಡುತ್ತಾನೆ. ಹೀಗೆ ಹೇಳಿ ತಾವು ತೀರ್ಪು ಕೊಡದೆ ಉಳಿದರು. ಉಳಿದ ನ್ಯಾಯಮೂರ್ತಿಗಳ ತೀರ್ಪು ಓದಿದ್ದೇನೆ, ಒಪ್ಪುತ್ತೇನೆ ಎಂದೂ ಸೇರಿಸಿದರು ಎನ್ನಿ. ಬಾಯಿ ಪೂರ್ತಿ ಮುಚ್ಚಿಕೊಂಡಿರುವುದು ಅವರಿಗೂ ಆಗಲಿಲ್ಲ. ಆದರೂ ಆ ಮಾತು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನಗಿಂತ ನೂರು ವರ್ಷಕ್ಕೂ ಮೊದಲು, ನನಗಿಂತ ಎಷ್ಟೋ ದೊಡ್ಡ ಕುರ್ಚಿಯಲ್ಲಿ ಕೂತವರೊಬ್ಬರು, ನಾನು ಮಾಡಿದ್ದನ್ನು ಮಾಡಲು ಒಪ್ಪದೆ ಹಿಂದೆ ಸರಿದಿದ್ದರು.

ಆ ಕುರ್ಚಿಯಾದರೂ ಎಂಥದ್ದು? ಲಾರ್ಡ್ ಚಾನ್ಸಲರ್ ಎಂದರೆ ಸಂಪುಟದ ಸಚಿವ, ಮೇಲ್ಮನೆಯ ಸಭಾಧ್ಯಕ್ಷ, ನ್ಯಾಯಾಂಗದ ಮುಖ್ಯಸ್ಥ. ಮೂರೂ ಒಬ್ಬರೇ. ಅಧಿಕಾರಗಳು ಬೇರೆಬೇರೆ ಕೈಯಲ್ಲಿರಬೇಕು ಎಂದು 1748ರಲ್ಲಿ ಫ್ರಾನ್ಸಿನ ಚಿಂತಕ ಮಾಂಟೆಸ್ಕ್ಯೂ ಬರೆದಾಗ ಮಾದರಿಯಾಗಿ ತೋರಿಸಿದ್ದು ಇಂಗ್ಲೆಂಡನ್ನೇ. ಅದೇ ಇಂಗ್ಲೆಂಡಿನಲ್ಲಿ ಈ ಮೂರು ಟೋಪಿಯ ಹುದ್ದೆ 2005ರ ಸಾಂವಿಧಾನಿಕ ಸುಧಾರಣಾ ಕಾಯ್ದೆಯವರೆಗೂ ನಡೆದುಕೊಂಡು ಬಂತು. ಅಲ್ಲಿನ ಸುಪ್ರೀಂ ಕೋರ್ಟು ಸಂಸತ್ತಿನ ಮೇಲ್ಮನೆಯಿಂದ ಹೊರಬಂದು ತನ್ನದೇ ಕಟ್ಟಡದಲ್ಲಿ ಕೆಲಸ ಶುರು ಮಾಡಿದ್ದು 2009ರ ಅಕ್ಟೋಬರಿನಲ್ಲಿ.

ಅಲ್ಲಿಯವರೆಗೆ ಮನುಷ್ಯರ ಸಂಕೋಚವೇ ಗೋಡೆಯ ಕೆಲಸ ಮಾಡುತ್ತಿತ್ತು ಎನ್ನಬೇಕು. ಹಾಲ್ಸ್‌ಬರಿ ಅವರಿಗೆ ಸಂಕೋಚವಿತ್ತು. ನನಗೆ ಇರಲಿಲ್ಲ. ಮುಂದೆ ಕೂರುವವರಿಗೆ ಇದ್ದೇ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಅದಕ್ಕೇ ಅದನ್ನು ಕಾನೂನಿನಲ್ಲಿ ಬರೆದಿಡಬೇಕಾಗುತ್ತದೆ.

ನನ್ನ ಕಥೆಗೆ ಇನ್ನೂ ಹತ್ತಿರದ್ದು ಗರ್ನ್‌ಸಿ ದ್ವೀಪದ ಪ್ರಕರಣ. ಇಂಗ್ಲಿಷ್ ಕಾಲುವೆಯಲ್ಲಿರುವ ಪುಟ್ಟ ದ್ವೀಪ ಅದು. ಅಲ್ಲಿ ಒಬ್ಬರು ತಮ್ಮ ಜಮೀನಿನಲ್ಲಿದ್ದ ಸರಕು ತುಂಬುವ ಶೆಡ್ಡನ್ನು ಮನೆ ಮಾಡಿಕೊಂಡು ವಾಸಿಸಲು ಅನುಮತಿ ಕೇಳಿದರು. ಭೂಬಳಕೆಯ ಯೋಜನೆ ಅದಕ್ಕೆ ಅಡ್ಡಬಂತು. 1995ರಲ್ಲಿ ಅವರ ಮೇಲ್ಮನವಿಯನ್ನು ಕೇಳಿದ ನ್ಯಾಯಾಲಯದ ಅಧ್ಯಕ್ಷತೆ ದ್ವೀಪದ ಬೈಲಿಫರದ್ದು, ಎಂದರೆ ಅಲ್ಲಿನ ಮುಖ್ಯ ನ್ಯಾಯಾಧೀಶರದ್ದು. ಅದೇ ವ್ಯಕ್ತಿ 1990ರಲ್ಲಿ, ಉಪ ಬೈಲಿಫ್ ಆಗಿ, ಆ ಯೋಜನೆಗೆ ಒಪ್ಪಿಗೆ ಕೊಟ್ಟ ಶಾಸನಸಭೆಯ ಅಧ್ಯಕ್ಷತೆ ವಹಿಸಿದ್ದರು. ಪ್ರಕರಣ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2000ದ ಫೆಬ್ರವರಿ 8ರಂದು ಆ ನ್ಯಾಯಾಲಯ, ನಿಷ್ಪಕ್ಷಪಾತ ವಿಚಾರಣೆಯ ಹಕ್ಕು ಉಲ್ಲಂಘನೆಯಾಗಿದೆ ಎಂದು ಒಮ್ಮತದಿಂದ ಹೇಳಿತು. ಬೈಲಿಫ್ ಕೆಟ್ಟವರು ಎಂದು ಹೇಳಲಿಲ್ಲ. ಅವರಿಗೆ ದ್ವೇಷವಿತ್ತು ಎಂದೂ ಇಲ್ಲ. ನಿಯಮ ಹುಟ್ಟಿದ ಸಭೆಯಲ್ಲಿ ಕೂತಿದ್ದವರು ಅದೇ ನಿಯಮದ ಮೇಲೆ ತೀರ್ಪು ಕೊಡಲು ಕೂತರೆ, ಎದುರಿಗೆ ನಿಂತವನಿಗೆ ಅನುಮಾನ ಬರುವುದು ಸಹಜ; ಆ ಅನುಮಾನ ಎಷ್ಟೇ ಚಿಕ್ಕದಿರಲಿ, ಅಷ್ಟು ಸಾಕು ಎಂಬುದು ಅದರ ತರ್ಕ. ಸಿದ್ಧಾಂತದ ಪುಸ್ತಕದಲ್ಲಿರುವಂತೆ ಎಲ್ಲ ದೇಶಗಳೂ ಅಧಿಕಾರಗಳನ್ನು ಬೇರ್ಪಡಿಸಲೇಬೇಕು ಎಂದೂ ಅದು ಕೇಳಲಿಲ್ಲ. ಈ ಒಬ್ಬ ಮನುಷ್ಯನಿಗೆ ಈ ಒಂದು ದಿನ ಏನಾಯಿತು ಎಂಬುದನ್ನು ನೋಡಿತು. ನನಗೆ ಆ ತೀರ್ಪಿನ ಮೇಲೆ ಪ್ರೀತಿ ಹುಟ್ಟಿದ್ದು ಅದಕ್ಕೇ.

ಎದುರಿಗೆ ನಿಂತವನ ಕಣ್ಣಿನಿಂದ ನೋಡುವುದು ಹಳೆಯ ವಿದ್ಯೆ. 1610ರಲ್ಲಿ ಲಂಡನ್ನಿನ ವೈದ್ಯರ ಕಾಲೇಜು, ತನ್ನ ಪರವಾನಗಿ ಇಲ್ಲದೆ ವೈದ್ಯ ಮಾಡಿದರೆಂದು ಥಾಮಸ್ ಬೊನ್ಹ್ಯಾಮ್ ಅವರಿಗೆ ದಂಡ ಹಾಕಿ ಸೆರೆಗೆ ತಳ್ಳಿದ್ದ ವಿಷಯ ನ್ಯಾಯಮೂರ್ತಿ ಎಡ್ವರ್ಡ್ ಕೋಕ್ ಮುಂದೆ ತೀರ್ಮಾನಕ್ಕೆ ಬಂತು. ದಂಡದಲ್ಲಿ ಅರ್ಧ ಪಾಲು ಕಾಲೇಜಿಗೇ ಸೇರುತ್ತಿತ್ತು. ಕರೆಸುವವರೂ ನೀವೇ, ತೀರ್ಪು ಕೊಡುವವರೂ ನೀವೇ, ದಂಡದ ಹಣದಲ್ಲಿ ಪಾಲುದಾರರೂ ನೀವೇ ಆಗುವಂತಿಲ್ಲ ಎಂದರು ಕೋಕ್. ನನ್ನ ವಿಚಾರಣೆಯಲ್ಲಿ ದುಡ್ಡಿನ ಪಾಲು ಇರಲಿಲ್ಲ. ಆದರೆ ನನ್ನ ಅಭಿಮಾನದ ಪಾಲಿತ್ತು. ನನ್ನ ವಾಕ್ಯ ಸರಿ ಎಂದು ಸಾಬೀತಾಗಬೇಕಿತ್ತು. ಅದೂ ಒಂದು ಬಗೆಯ ಲಾಭವೇ.

ಅಧಿಕಾರ ಪ್ರತ್ಯೇಕತೆ ಎಂದಾಗ ಮೂರು ಕಟ್ಟಡ, ನಡುವೆ ಎತ್ತರದ ಗೋಡೆ ಎಂಬ ಚಿತ್ರ ಕಣ್ಣಿಗೆ ಬರುತ್ತದೆ. ಹಾಗೆ ನೋಡಿದರೆ ಯಾವ ದೇಶದಲ್ಲೂ ಅದು ಇಲ್ಲ. ಸಂಸದೀಯ ವ್ಯವಸ್ಥೆಯಲ್ಲಿ ಮಂತ್ರಿಗಳು ಸದನದೊಳಗೇ ಕೂರುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷರು ಮಸೂದೆಯನ್ನು ತಡೆಹಿಡಿಯಬಲ್ಲರು, ಸೆನೆಟ್ಟಿನ ಒಪ್ಪಿಗೆಯಿಲ್ಲದೆ ನ್ಯಾಯಾಧೀಶರ ನೇಮಕವಾಗದು. ಕನ್ನಡದಲ್ಲಿ ನಾವು ಇವುಗಳಿಗೆ 'ಅಂಗ' ಎನ್ನುತ್ತೇವಲ್ಲ, ಆ ಪದದೊಳಗೆ ಹೆಚ್ಚು ನಿಜವಿದೆ ಎಂದು ನನ್ನ ಅನಿಸಿಕೆ. ಕೈಗೂ ಕಣ್ಣಿಗೂ ನಡುವೆ ಗೋಡೆಯಿಲ್ಲ. ಆದರೆ ಕೈ ನೋಡುವುದಿಲ್ಲ, ಕಣ್ಣು ಎತ್ತುವುದಿಲ್ಲ.

ಹಾಗಾದರೆ ಬೇರೆ ಇರಬೇಕಾದದ್ದು ಯಾವುದು? ಕರಡು ಬರೆಯುವವಳಾಗಿ ನನಗೆ ಕಂಡದ್ದು ಹೀಗೆ: ನಿಯಮ ಬರೆಯುವಾಗ ಎದುರಿಗೆ ಯಾರ ಮುಖವೂ ಇರಬಾರದು. ತೀರ್ಪು ಕೊಡುವಾಗ ಎದುರಿಗೆ ಮುಖ ಇರಲೇಬೇಕು, ಆದರೆ ನಿಯಮವನ್ನು ತಿದ್ದುವ ಪೆನ್ನು ಕೈಯಲ್ಲಿ ಇರಬಾರದು. ಈ ಎರಡೂ ಒಂದೇ ಕೈಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಸಂವಿಧಾನಗಳ ಚರಿತ್ರೆಯಲ್ಲಿ ಬೇಕಾದಷ್ಟು ಉದಾಹರಣೆಗಳಿವೆ.

ಮುಖ ನೋಡಿಕೊಂಡು ಕಾನೂನು ಬರೆದದ್ದಕ್ಕೆ ಅಮೆರಿಕದ್ದೊಂದು. 1943ರಲ್ಲಿ ಅಲ್ಲಿನ ಸಂಸತ್ತಾದ ಕಾಂಗ್ರೆಸ್ಸು ಒಂದು ಹಣಕಾಸು ಮಸೂದೆಯೊಳಗೆ ಮೂವರು ಸರ್ಕಾರಿ ನೌಕರರ ಹೆಸರುಗಳನ್ನೇ ಬರೆದು, ಇವರಿಗೆ ಸಂಬಳ ಕೊಡಕೂಡದು ಎಂದಿತು. ಅವರ ನಿಷ್ಠೆಯ ಬಗ್ಗೆ ಶಂಕೆ. ಆರೋಪಪಟ್ಟಿ ಇಲ್ಲ, ನ್ಯಾಯಾಲಯವಿಲ್ಲ. 1946ರಲ್ಲಿ ಸುಪ್ರೀಂ ಕೋರ್ಟು ಅದನ್ನು ಹೊಡೆದುಹಾಕಿತು. ವಿಚಾರಣೆಯಿಲ್ಲದೆ ಶಾಸಕಾಂಗವೇ ಶಿಕ್ಷೆ ವಿಧಿಸುವುದನ್ನು ಆ ಸಂವಿಧಾನ ಮೊದಲಿನಿಂದಲೂ ನಿಷೇಧಿಸಿದೆ. ಸಂಬಳ ನಿಲ್ಲಿಸಿದ ಸಾಲು ಬರಿಯ ಲೆಕ್ಕಪತ್ರದ ಸಾಲಿನಂತೆ ಕಾಣುತ್ತಿತ್ತು. ಕರಡು ಬರೆಯುವವರಿಗೆ ಈ ಉಪಾಯ ಗೊತ್ತು. ಎಲ್ಲಿ ಸೇರಿಸಿದರೆ ಯಾರೂ ಓದುವುದಿಲ್ಲವೋ ಅಲ್ಲಿ ಸೇರಿಸುವುದು.

ಇನ್ನೊಂದು ಭಾರತದ್ದು. 1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟು ಪ್ರಧಾನಿ ಇಂದಿರಾ ಗಾಂಧಿಯವರ ಲೋಕಸಭಾ ಚುನಾವಣೆಯನ್ನು ಅಸಿಂಧು ಎಂದಿತು. ಆಗಸ್ಟಿನಲ್ಲಿ ಸಂವಿಧಾನದ 39ನೇ ತಿದ್ದುಪಡಿ ಬಂತು. ಅದರ ಮೂಲಕ ಸೇರಿದ 329ಎ ವಿಧಿಯ 4ನೇ ಖಂಡವನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಅದರಲ್ಲಿ ಯಾರ ಹೆಸರೂ ಇಲ್ಲ. ಪ್ರಧಾನಿಯ ಚುನಾವಣೆಗೆ ಈವರೆಗಿನ ಚುನಾವಣಾ ಕಾನೂನು ಅನ್ವಯಿಸಿಯೇ ಇರಲಿಲ್ಲವೆಂದು ಭಾವಿಸತಕ್ಕದ್ದು, ಅಂಥ ಚುನಾವಣೆ ಎಂದೂ ಅಸಿಂಧುವಾಗಿರಲಿಲ್ಲವೆಂದು ಭಾವಿಸತಕ್ಕದ್ದು ಎನ್ನುವ ಬಗೆಯ ಭಾಷೆ. ವ್ಯಾಕರಣ ಕಾನೂನಿನದ್ದು, ಕೆಲಸ ತೀರ್ಪಿನದ್ದು. ನವೆಂಬರ್ 7ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ಖಂಡವನ್ನು ರದ್ದು ಮಾಡಿತು. ತುರ್ತುಪರಿಸ್ಥಿತಿಯ ನಡುವೆ, ಅದನ್ನು ನೆನಪಿಡಬೇಕು. ಆದರೆ ಅದೇ ಪೀಠ ಚುನಾವಣೆಯನ್ನು ಮಾತ್ರ ಎತ್ತಿಹಿಡಿಯಿತು. ಏಕೆಂದರೆ ಸಂಸತ್ತು ಅಷ್ಟರೊಳಗೆ ಪ್ರಜಾಪ್ರತಿನಿಧಿ ಕಾಯ್ದೆಯನ್ನೂ ಹಿಂದಿನ ದಿನಾಂಕದಿಂದ ತಿದ್ದಿತ್ತು, ಆ ತಿದ್ದುಪಡಿ ಎಲ್ಲರಿಗೂ ಅನ್ವಯಿಸುವ ರೂಪದಲ್ಲಿತ್ತು. ಇಲ್ಲಿ ನನಗೆ ಸಮಾಧಾನವಿಲ್ಲ. ಒಬ್ಬರಿಗಾಗಿ ಬರೆದ ನಿಯಮವನ್ನು 'ಎಲ್ಲರಿಗೂ' ಎಂಬ ಪದದೊಳಗೆ ಬಚ್ಚಿಡಬಹುದು. ಅಧಿಕಾರ ಪ್ರತ್ಯೇಕತೆಯ ಸಿದ್ಧಾಂತ ಪದದ ಉಡುಪನ್ನು ನೋಡಿ ಒಳಗೆ ಬಿಟ್ಟುಕೊಳ್ಳುವ ಕಾವಲುಗಾರನಂತೆ ಎಷ್ಟೋ ಸಲ ವರ್ತಿಸುತ್ತದೆ.

ಜಾರಿ ಮಾಡುವವರೇ ನಿಯಮ ಬರೆಯತೊಡಗಿದರೆ? 1952ರ ಏಪ್ರಿಲ್ 8ರಂದು, ಕೊರಿಯಾ ಯುದ್ಧದ ನಡುವೆ, ಮುಷ್ಕರ ಆಗಲಿದೆ ಎಂದು ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಳ್ಳುವ ಆದೇಶ ಹೊರಡಿಸಿದರು. ಜೂನ್ 2ರಂದು ಸುಪ್ರೀಂ ಕೋರ್ಟು 6–3ರಿಂದ ಅದು ಸಲ್ಲದು ಎಂದಿತು. ಸಂಸತ್ತಿನ ನೀತಿಯನ್ನು ಸಂಸತ್ತು ಹೇಳಿದ ರೀತಿಯಲ್ಲಿ ಜಾರಿ ಮಾಡುವ ಆದೇಶ ಇದಲ್ಲ, ಅಧ್ಯಕ್ಷರದೇ ನೀತಿಯನ್ನು ಅಧ್ಯಕ್ಷರೇ ಹೇಳಿದ ರೀತಿಯಲ್ಲಿ ಜಾರಿ ಮಾಡುವುದು ಎಂಬುದು ನ್ಯಾಯಮೂರ್ತಿ ಬ್ಲ್ಯಾಕ್ ಅವರ ಮಾತಿನ ಭಾವ. ಕಾರ್ಖಾನೆಗಳು ಮಾಲೀಕರಿಗೆ ಮರಳಿದವು. ಸೈನ್ಯದ ದಂಡನಾಯಕನಾಗಿದ್ದವರು ಒಂಬತ್ತು ಮಂದಿಯ ಕಾಗದಕ್ಕೆ ತಲೆಬಾಗಿದರು. ಈ ಸಂಗತಿ ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಇಷ್ಟು ನಾಟಕೀಯವಲ್ಲದ, ಸದ್ದಿಲ್ಲದೆ ನಡೆಯುವ ಅತಿಕ್ರಮಣವೂ ಇದೆ. ನನ್ನ ಕಸುಬಿಗೆ ಹತ್ತಿರವಾದದ್ದು ಅದೇ. ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಿ.ಸಿ. ವಾಧ್ವಾ ಬಿಹಾರದ ಸುಗ್ರೀವಾಜ್ಞೆಗಳನ್ನು ಕೂತು ಎಣಿಸಿದರು. ಸದನ ಸೇರಿದ ಆರು ವಾರಕ್ಕೆ ಬಿದ್ದುಹೋಗಬೇಕಾದ ಸುಗ್ರೀವಾಜ್ಞೆಗಳನ್ನು ಸದನದ ಮುಂದಿಡದೆ ಮತ್ತೆಮತ್ತೆ ಹೊರಡಿಸಲಾಗುತ್ತಿತ್ತು. 1967ರಿಂದ 1981ರ ನಡುವೆ 256 ಸುಗ್ರೀವಾಜ್ಞೆಗಳು, ಕೆಲವು ಹೀಗೆ 14 ವರ್ಷದ ತನಕ ಜೀವ ಹಿಡಿದಿದ್ದವು. 1986ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸಂವಿಧಾನಕ್ಕೆ ಎಸಗಿದ ಮೋಸ ಎಂದು ಕರೆಯಿತು. ಯಾರೂ ಬಂದೂಕು ತಂದಿರಲಿಲ್ಲ. ಹಳೆಯ ಕಡತದ ಮೇಲೆ ಹೊಸ ದಿನಾಂಕದ ಮೊಹರು ಒತ್ತಿದ್ದರು, ಅಷ್ಟೇ. ಅಂಥ ಮೊಹರಿನ ಸದ್ದು ನನಗೆ ಪರಿಚಿತ. "ಹೋದ ವರ್ಷದ್ದನ್ನೇ ಮುಂದುವರಿಸಿಬಿಡಿ" ಎಂಬ ಚೀಟಿ ನನ್ನ ಮೇಜಿಗೂ ಬಂದಿದೆ, ಮುಂದುವರಿಸಿದ್ದೇನೆ ಕೂಡ.

ನ್ಯಾಯಾಂಗವನ್ನೂ ಇಲ್ಲಿಗೆ ತರಬೇಕು, ಇಲ್ಲದಿದ್ದರೆ ಅನ್ಯಾಯ. 1997ರ ವಿಶಾಖಾ ತೀರ್ಪಿನಲ್ಲಿ ಭಾರತದ ಸುಪ್ರೀಂ ಕೋರ್ಟು ಕೆಲಸದ ಜಾಗದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧ ತಾನೇ ಮಾರ್ಗಸೂಚಿ ಬರೆದು, ಕಾನೂನು ಬರುವವರೆಗೆ ಇದೇ ಕಾನೂನು ಎಂದಿತು. ಸಂಸತ್ತಿನ ಕಾಯ್ದೆ ಬಂದದ್ದು 2013ರಲ್ಲಿ. ಹದಿನಾರು ವರ್ಷ ನ್ಯಾಯಮೂರ್ತಿಗಳ ಕರಡೇ ಹೆಣ್ಣುಮಕ್ಕಳನ್ನು ಕಾಯಿತು. ಆ ಮಾರ್ಗಸೂಚಿಯ ನೆರಳಿನಲ್ಲೇ ಕೆಲಸಕ್ಕೆ ಸೇರಿದವಳು ನಾನು. ಅದು ತಪ್ಪು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ. ಆದರೆ ಬರೆದವರೇ ಅರ್ಥವನ್ನೂ ಹೇಳುವ ಸ್ಥಾನದಲ್ಲಿ ಆ ಹದಿನಾರು ವರ್ಷ ಕೂತಿದ್ದರು ಎಂಬುದೂ ನಿಜ. ಸಂಸತ್ತು ತನ್ನ ಕೆಲಸ ಮಾಡದೆ ಕೂತದ್ದರಿಂದ ಹಾಗಾಯಿತು. ಒಬ್ಬರು ಖಾಲಿ ಬಿಟ್ಟ ಕುರ್ಚಿಯಲ್ಲಿ ಇನ್ನೊಬ್ಬರು ಒಳ್ಳೆಯ ಕೆಲಸಕ್ಕೆಂದೇ ಕೂತರೂ ಅದು ಅವರ ಕುರ್ಚಿಯಾಗುವುದಿಲ್ಲ. ಈ ಎರಡು ಮಾತನ್ನೂ ನಾನು ಒಟ್ಟಿಗೆ ನಂಬುತ್ತೇನೆ, ಒಂದನ್ನು ಬಿಟ್ಟುಕೊಟ್ಟು ಹಗುರಾಗಲು ಆಗಿಲ್ಲ.

ಕೆಲಸ ನಿಧಾನವಾಗುತ್ತದೆ ಎಂಬುದು ಅಧಿಕಾರ ಪ್ರತ್ಯೇಕತೆಯ ಮೇಲಿರುವ ಹಳೆಯ ದೂರು. ಹೌದು, ಆಗುತ್ತದೆ. ನಾನು ಅರ್ಧ ಗಂಟೆಯಲ್ಲಿ ಮುಗಿಸಿದ್ದನ್ನು ಸರಿಪಡಿಸಲು ಏಳು ತಿಂಗಳು ಹಿಡಿಯಿತು. ಆ ಏಳು ತಿಂಗಳು ಅವರ ಸೇವಾ ಪುಸ್ತಕದಲ್ಲಿ 'ವಿರಾಮ' ಎಂಬ ಕೆಂಪು ಶಾಯಿಯ ನಮೂದು ಇತ್ತು. ಬೇರೆ ಯಾರಾದರೂ ಮೊದಲೇ ಕೂತು ಎರಡು ಗಂಟೆ ವಿಚಾರಿಸಿದ್ದರೆ ಆ ಶಾಯಿಯೇ ಬೇಕಿರಲಿಲ್ಲ.

ಆದೇಶ ಬಂದ ಮೇಲೆ 17ನೇ ನಿಯಮಕ್ಕೆ ತಿದ್ದುಪಡಿ ಆಗಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಕರಡು ನಾನೇ ಬರೆದೆ. ಅದು ನನ್ನ ಕೆಲಸ. 'ಕೂಡಲೇ' ಹೋಗಿ 'ಗೈರುಹಾಜರಾದ ಏಳು ದಿನಗಳೊಳಗೆ' ಎಂದು ಬಂತು. ಕೊನೆಗೆ ಒಂದು ಪರಂತುಕವೂ ಸೇರಿತು: ನೌಕರನಾಗಲಿ ಅವನ ಅವಲಂಬಿತರಾಗಲಿ ಆಸ್ಪತ್ರೆಯಲ್ಲಿದ್ದ ದಿನಗಳನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ವಿಚಾರಣಾ ಸಮಿತಿಯಿಂದ ನನ್ನ ಹೆಸರು ತೆಗೆಯಿರಿ ಎಂದು ನಾನೇ ಬರೆದುಕೊಟ್ಟೆ. ಜಾರಿ ಶಾಖೆ ಬೇರೆಯವರ ಕೈಗೆ ಹೋಗಲು ಇನ್ನೂ ಒಂದು ವರ್ಷ ಹಿಡಿಯಿತು.

ಹೊಸ ನಿಯಮದ ಕೆಳಗೆ ಬಂದ ಮೊದಲ ಪ್ರಕರಣ ನನಗೆ ಚೆನ್ನಾಗಿ ನೆನಪಿದೆ. ತಾಯಿಯನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದು ಮನೆಯಲ್ಲೇ ಆರೈಕೆ ಮಾಡಿದ್ದ ನೌಕರರೊಬ್ಬರದು. ಮನೆಯಲ್ಲಿನ ಆರೈಕೆಯ ದಿನಗಳೂ 'ಆಸ್ಪತ್ರೆಯಲ್ಲಿದ್ದ ದಿನ'ಗಳೇ ಎಂಬುದು ಪ್ರಶ್ನೆ. ಸಮಿತಿಯಲ್ಲಿದ್ದ ಕಿರಿಯ ಸದಸ್ಯೆ ಬಾಗಿಲಲ್ಲಿ ನಿಂತು, "ಮೇಡಂ, ಬರೆಯುವಾಗ ನೀವೇನು ಯೋಚಿಸಿದ್ರಿ?" ಎಂದು ಕೇಳಿದರು. ನನಗೆ ಖಚಿತವಾದ ಉತ್ತರವಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನಿಯಮದಲ್ಲಿ ಏನಿದೆಯೋ ಅದನ್ನೇ ಓದಿ ಎಂದೆ. ಅವರು ಸ್ವಲ್ಪ ಹೊತ್ತು ನಿಂತರು, ಬೇಸರವಾಯಿತೇನೋ, ಹೋದರು. ಅವರ ವಿಚಾರಣೆ ಮಧ್ಯಾಹ್ನದವರೆಗೆ ನಡೆಯಿತು. ಗೋಡೆಯಾಚೆಯಿಂದ ದನಿಗಳು ಕೇಳುತ್ತಿದ್ದವು, ಮಾತು ತಿಳಿಯುತ್ತಿರಲಿಲ್ಲ. ನಾನು ಇನ್ನೊಂದು ಕರಡು ಹಿಡಿದು ಕೂತಿದ್ದೆ. ಸಂಜೆ ಆದೇಶದ ಪ್ರತಿ ನನ್ನ ಮೇಜಿಗೆ ಬಂತು. ನಾನು ಅಂದುಕೊಂಡಿದ್ದಕ್ಕೆ ಪೂರಾ ವಿರುದ್ಧವಾಗಿತ್ತು. ಎರಡು ಸಲ ಓದಿದೆ, ನಿಯಮದ ಪುಸ್ತಕ ತೆಗೆದು ಪಕ್ಕದಲ್ಲಿಟ್ಟುಕೊಂಡು ಮೂರನೇ ಸಲ ಓದಿದೆ. ಆ ವಾಕ್ಯವನ್ನು ಹಾಗೂ ಓದಬಹುದಿತ್ತು.